ಬೂಸ್ಟ್ ಸೆನ್ಸರ್ ಕೋಡ್ ಬಂದಾಗ: ಡಾಂಗಲ್, ಸ್ಕ್ಯಾನರ್, ಮಲ್ಟಿಮೀಟರ್, ಸರ್ವಿಸ್ ಸೆಂಟರ್

ನಮ್ಮದು ಬಿಎಸ್ 4 (ಹೊಗೆ ನಿಯಮದ ಹಂತ) ಹತ್ತು ಚಕ್ರದ ಲಾರಿ. ಪಣಂಬೂರು ಬಂದರಿನಿಂದ ಬೆಂಗಳೂರಿಗೆ ಲೋಡು, ಶಿರಾಡಿ ಘಾಟಿಯ ದಾರಿ. ಘಾಟಿಯಲ್ಲಿ ಪಿಕಪ್ ಬೀಳುವುದು, ಹಳದಿ ಎಂಜಿನ್ ಲೈಟ್ ಹತ್ತುವುದು, ಕೀ ಆಫ್ ಮಾಡಿ ಆನ್ ಮಾಡಿದರೆ ಸ್ವಲ್ಪ ಹೊತ್ತು ಸರಿಯಾಗುವುದು. ಈ ತೊಂದರೆ ಬಂದಾಗ ಲೈನಿನಲ್ಲಿ ಎಲ್ಲರೂ ಹೇಳುವುದು ಒಂದೇ ಮಾತು: ‘ಬೂಸ್ಟ್ ಸೆನ್ಸರ್ ಹೋಗಿದೆ, ಬದಲಾಯಿಸಿ.’ ಹಾಗೆ ಬದಲಾಯಿಸುವ ಮೊದಲು ಪರೀಕ್ಷೆ ಮಾಡಲು ನಾಲ್ಕು ದಾರಿಗಳಿವೆ. ನಾಲ್ಕನ್ನೂ ಬಳಸಿ ನೋಡಿದ್ದೇನೆ. ನನ್ನ ಮಟ್ಟಿಗೆ ಲೈವ್ ಡೇಟಾ (ಸೆನ್ಸರುಗಳ ಆ ಕ್ಷಣದ ಲೆಕ್ಕ) ತೋರಿಸುವ ಸ್ಕ್ಯಾನರ್ ಮತ್ತು ಮಲ್ಟಿಮೀಟರ್, ಈ ಜೋಡಿಯೇ ಮೇಲು. ಒಂದು ಮಾತ್ರ ಇದ್ದರೆ ಅರ್ಧ ಕೆಲಸ.

ಬೂಸ್ಟ್ ಸೆನ್ಸರ್ ಮಾಡುವುದು ಸಣ್ಣ ಕೆಲಸ. ಟರ್ಬೊ ತಳ್ಳಿದ ಗಾಳಿ ಇಂಟರ್‌ಕೂಲರ್ ದಾಟಿ ಮ್ಯಾನಿಫೋಲ್ಡ್ ಸೇರುವ ಕಡೆ ಒತ್ತಡ ಎಷ್ಟಿದೆ ಎಂದು ಅಳೆದು ಇಸಿಎಂಗೆ, ಅಂದರೆ ಎಂಜಿನ್ನಿನ ಕಂಪ್ಯೂಟರಿಗೆ, ಹೇಳುತ್ತದೆ. ಗಾಳಿಯ ಲೆಕ್ಕ ಸಿಗದಿದ್ದರೆ ಇಸಿಎಂ ಡೀಸೆಲ್ ಕಡಿಮೆ ಮಾಡುತ್ತದೆ. ಪಿಕಪ್ ಬೀಳುವುದು ಅದಕ್ಕೇ. ಆದರೆ ಇಂಟರ್‌ಕೂಲರ್ ಹೋಸ್ ಬಿರಿದರೂ ಪಿಕಪ್ ಬೀಳುತ್ತದೆ. ಟರ್ಬೊ ಸೋತರೂ ಬೀಳುತ್ತದೆ, ಡೀಸೆಲ್ ಫಿಲ್ಟರ್ ಕಟ್ಟಿದರೂ ಬೀಳುತ್ತದೆ. ಕೋಡ್, ಅಂದರೆ ಇಸಿಎಂ ಬರೆದಿಡುವ ತೊಂದರೆಯ ನಂಬರು, ಯಾವ ಸರ್ಕ್ಯೂಟಿನಲ್ಲಿ ತೊಂದರೆ ಇದೆ ಎಂದಷ್ಟೇ ಹೇಳುತ್ತದೆ. ಯಾವ ಸಾಮಾನು ಕೆಟ್ಟಿದೆ ಎಂದು ಹೇಳುವುದಿಲ್ಲ.

ಡಾಂಗಲ್, ಅಂದರೆ ಗಾಡಿಯ ಸಾಕೆಟ್ಟಿಗೆ ಸಿಕ್ಕಿಸಿ ಫೋನಿನ ಆಪ್‌ನಲ್ಲಿ ಕೋಡ್ ಓದುವ ಸಾಧನ, ಅದರ ವಿಷಯ ಬೇಗ ಮುಗಿಸುತ್ತೇನೆ. ಸಾವಿರ ರೂಪಾಯಿ ಒಳಗೆ ಸಿಗುವ ಇಎಲ್‌ಎಂ 327 ನಕಲು ಬ್ಲೂಟೂತ್ ಡಾಂಗಲ್ ಕಾರಿಗೆ ಪರವಾಗಿಲ್ಲ. ದೊಡ್ಡ ಲಾರಿಗೆ ಬೇಡ. ಕಾರಿನಲ್ಲಿ 12 ವೋಲ್ಟ್, ಲಾರಿಯಲ್ಲಿ 24 ವೋಲ್ಟ್. ಅಷ್ಟು ತಡೆಯುವ ಶಕ್ತಿ ಈ ಅಗ್ಗದ ಡಾಂಗಲ್‌ಗಳಲ್ಲಿ ಇರುತ್ತದೆ ಎಂಬ ಭರವಸೆ ಇಲ್ಲ. ಇನ್ನೊಂದು, ದೊಡ್ಡ ಲಾರಿಗಳ ಎಂಜಿನ್ ಹೆಚ್ಚಾಗಿ ಮಾತಾಡುವುದು ಜೆ 1939 ಎಂಬ ಭಾಷೆಯಲ್ಲಿ. ಕಾರಿನ ಆಪ್‌ಗಳು ಪಿ ಅಕ್ಷರದ ಕೋಡ್ ಹುಡುಕುತ್ತವೆ, ಲಾರಿ ಕೊಡುವುದು ಎಸ್‌ಪಿಎನ್ (ಯಾವ ಲೆಕ್ಕದಲ್ಲಿ ತೊಂದರೆ) ಮತ್ತು ಎಫ್‌ಎಂಐ (ಯಾವ ಥರದ ತೊಂದರೆ) ನಂಬರು. ನಾನು ಹಾಕಿದಾಗ ಆಪ್ ‘ಕನೆಕ್ಟ್ ಆಗಲಿಲ್ಲ’ ಎಂದು ನಿಂತಿತು. ಪಿಕಪ್ ವ್ಯಾನ್ ಇದ್ದವರಿಗೆ ಉಪಯೋಗ ಆಗಬಹುದು, ನಮಗಲ್ಲ.

ಸ್ಕ್ಯಾನರ್ ಅಂದರೆ ಹೆವಿ ವಾಹನಕ್ಕೆ ಅಂತಲೇ ಮಾಡಿದ್ದು. ಟ್ರಕ್ ಟರ್ಮಿನಲ್‌ಗಳ ಸುತ್ತ ಇದನ್ನೇ ಇಟ್ಟುಕೊಂಡು ಫೋನ್ ಮಾಡಿದರೆ ಗಾಡಿ ಹತ್ತಿರ ಬರುವ ಹುಡುಗರು ಈಗ ಬಹಳ ಜನ ಇದ್ದಾರೆ. ಇವರಲ್ಲಿ ಎರಡು ಥರ. ಒಬ್ಬರು ಕೋಡ್ ಓದಿ, ಅಳಿಸಿ, ದುಡ್ಡು ತಗೊಂಡು ಹೋಗುವವರು. ಇನ್ನೊಬ್ಬರು ಲೈವ್ ಡೇಟಾ ತೆರೆದು ಕೂರುವವರು. ಎರಡನೆಯವರನ್ನೇ ಕರೆಯಿರಿ. ಕೋಡ್ ಅಳಿಸುವ ಮೊದಲು ಫೋನಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ.

ಫೋಟೊ ಯಾಕೆ ಅಂದರೆ, ಎಸ್‌ಪಿಎನ್ 102 ಅಂದರೆ ಮ್ಯಾನಿಫೋಲ್ಡ್ ಒತ್ತಡ. ಅದರ ಪಕ್ಕದ ಎಫ್‌ಎಂಐ ನಂಬರೇ ಮುಖ್ಯ. 3 ಇದ್ದರೆ ಸಿಗ್ನಲ್ ವೋಲ್ಟೇಜ್ ಇರಬೇಕಾದ್ದಕ್ಕಿಂತ ಜಾಸ್ತಿ, 4 ಇದ್ದರೆ ಕಡಿಮೆ. 2 ಇದ್ದರೆ ಲೆಕ್ಕ ಏರುಪೇರಾಗುತ್ತಿದೆ ಎಂದರ್ಥ. 3 ಅಥವಾ 4 ಬಂದರೆ ನಾನು ಮೊದಲು ವೈರ್, ಕಪ್ಲರ್ (ವೈರ್ ಜೋಡಿಸುವ ಪ್ಲಗ್) ನೋಡುತ್ತೇನೆ.

ಲೈವ್ ಡೇಟಾದಲ್ಲಿ ನನಗೆ ಬಹಳ ಇಷ್ಟವಾದ ಪರೀಕ್ಷೆ ಒಂದಿದೆ. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ಆಗ ಮ್ಯಾನಿಫೋಲ್ಡಿನಲ್ಲಿ ಇರುವುದು ಹೊರಗಿನ ಗಾಳಿಯ ಒತ್ತಡವೇ. ಮಂಗಳೂರಿನಲ್ಲಿ ಅದು ಸುಮಾರು 101 ಕಿಲೊಪ್ಯಾಸ್ಕಲ್ ತೋರಿಸಬೇಕು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಅಲ್ಲಿ 91ರ ಆಸುಪಾಸು. ಸಕಲೇಶಪುರದಲ್ಲೂ ಹೆಚ್ಚು ಕಡಿಮೆ ಅಷ್ಟೇ. ಘಾಟಿ ಕೆಳಗೊಮ್ಮೆ, ಮೇಲೊಮ್ಮೆ ನೋಡಿದರೆ ಲೆಕ್ಕ ಇಳಿದಿರಬೇಕು. ಕೆಳಗೂ 130, ಮೇಲೂ 130 ಅಂದರೆ ಆ ಸೆನ್ಸರನ್ನು ನಂಬುವ ಹಾಗಿಲ್ಲ. ಕೆಲವು ಸ್ಕ್ಯಾನರ್ ಹೊರಗಿನ ಒತ್ತಡ ಕಳೆದು ಸೊನ್ನೆ ತೋರಿಸುತ್ತವೆ, ಅದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ.

ನಿಂತಲ್ಲಿ ಲೆಕ್ಕ ಸರಿ ಇದ್ದು ಲೋಡಿನಲ್ಲಿ ಮಾತ್ರ ಬೂಸ್ಟ್ ಏರದಿದ್ದರೆ ಅನುಮಾನ ಹೋಸ್ ಮೇಲೆ. ಐಡಲ್‌ನಲ್ಲಿ ಟರ್ಬೊ ಒತ್ತಡ ಹೆಚ್ಚೇನೂ ಇರುವುದಿಲ್ಲ, ಹಾಗಾಗಿ ಬಿರಿದ ಹೋಸ್ ಗೊತ್ತಾಗುವುದಿಲ್ಲ. ಏರಿನಲ್ಲಿ ಸುಯ್ ಎಂಬ ಸದ್ದು, ಹೋಸ್ ಕ್ಲಿಪ್ ಸುತ್ತ ಎಣ್ಣೆ ಜಿಡ್ಡು, ಈ ಎರಡು ಗುರುತು ಹುಡುಕಿ. ಲೈವ್ ಡೇಟಾ ನೋಡುತ್ತಾ ಏರು ಹತ್ತಿಸಬೇಕಾದರೆ ಸ್ಕ್ಯಾನರ್ ಪಕ್ಕದ ಸೀಟಿನವರ ಕೈಯಲ್ಲಿರಲಿ. ಡ್ರೈವರ್ ಕಣ್ಣು ರಸ್ತೆ ಮೇಲೆಯೇ ಇರಬೇಕು.

ಇನ್ನು ಮಲ್ಟಿಮೀಟರ್. ಸಾವಿರ ರೂಪಾಯಿ ಒಳಗೆ ಒಳ್ಳೆಯದೇ ಸಿಗುತ್ತದೆ. ನಾಲ್ಕರಲ್ಲಿ ಇದಕ್ಕೆ ಕೊಟ್ಟ ದುಡ್ಡು ಅತಿ ಬೇಗ ವಾಪಸ್ ಬರುತ್ತದೆ. ಕ್ಯಾಬಿನ್ನಿನಲ್ಲೇ ಇಡಬಹುದು, ಯಾರಿಗೂ ಕಾಯಬೇಕಿಲ್ಲ. ನಮ್ಮ ಗಾಡಿಯ ಬೂಸ್ಟ್ ಸೆನ್ಸರಿಗೆ ನಾಲ್ಕು ವೈರ್: 5 ವೋಲ್ಟ್ ಸಪ್ಲೈ, ಅರ್ಥ್, ಒತ್ತಡದ ಸಿಗ್ನಲ್, ಗಾಳಿಯ ಬಿಸಿ ಅಳೆಯುವ ಸಿಗ್ನಲ್. ಕಪ್ಲರ್ ಬಿಚ್ಚಿ, ಕೀ ಆನ್ ಮಾಡಿ, ಸಪ್ಲೈ ಮತ್ತು ಅರ್ಥ್ ನಡುವೆ ಅಳೆದರೆ 5 ವೋಲ್ಟ್ ಬರಬೇಕು. ಬರಲಿಲ್ಲವೇ? ಹೊಸ ಸೆನ್ಸರ್ ಹಾಕಿದರೂ ಪ್ರಯೋಜನ ಇಲ್ಲ. ಇಸಿಎಂ ಒಂದೇ 5 ವೋಲ್ಟನ್ನು ಎಷ್ಟೋ ಸಲ ಎರಡು ಮೂರು ಸೆನ್ಸರಿಗೆ ಹಂಚುತ್ತದೆ. ಅದರಲ್ಲಿ ಯಾವುದೋ ಒಂದು ಶಾರ್ಟ್ ಆದರೆ ಉಳಿದವುಗಳ ಮೇಲೂ ಕೋಡ್ ಬರುತ್ತದೆ. ಒಂದೊಂದೇ ಕಪ್ಲರ್ ಬಿಚ್ಚುತ್ತಾ ಹೋಗಿ. ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ವಾಪಸ್ ಬಂತೋ, ತೊಂದರೆ ಆ ಸೆನ್ಸರಿನಲ್ಲೋ ಅದರ ವೈರಿನಲ್ಲೋ ಇದೆ.

ಸಪ್ಲೈ ಸರಿ ಇದ್ದರೆ ಕಪ್ಲರ್ ಮತ್ತೆ ಹಾಕಿ ಹಿಂದಿನಿಂದ ತೆಳು ಪಿನ್ ಇಳಿಸಿ ಸಿಗ್ನಲ್ ನೋಡಬೇಕು. ಎಂಜಿನ್ ಆಫ್ ಇದ್ದಾಗ ಸೆನ್ಸರಿನ ಅಳತೆಗೆ ತಕ್ಕಂತೆ ಸುಮಾರು 1ರಿಂದ 1.6 ವೋಲ್ಟ್ ಬರುತ್ತದೆ. ಮೀಟರ್ ಹಾಗೇ ಇಟ್ಟು ವೈರನ್ನು ಉದ್ದಕ್ಕೂ ಅಲುಗಾಡಿಸಿ. ನಮ್ಮ ಲಾರಿಯಲ್ಲಿ ಉತ್ತರ ಸಿಕ್ಕಿದ್ದು ಇಲ್ಲೇ. ವೈರಿಂಗ್ ಒಂದು ಬ್ರಾಕೆಟ್ಟಿಗೆ ಉಜ್ಜಿ ತಾಮ್ರ ಕಾಣುತ್ತಿತ್ತು. ಆ ಜಾಗ ಮುಟ್ಟಿದಾಗಲೆಲ್ಲ ವೋಲ್ಟೇಜ್ ಸೊನ್ನೆಗೆ ಬೀಳುತ್ತಿತ್ತು. ಸ್ಕ್ಯಾನರಿನಲ್ಲಿ 102, ಎಫ್‌ಎಂಐ 4 ಬಂದದ್ದಕ್ಕೆ ಅದು ಸರಿಹೊಂದಿತು. ಬೆಸುಗೆ, ಸ್ಲೀವ್, ಟೈ, ಅಷ್ಟೇ ಖರ್ಚು. ಸೆನ್ಸರ್ ಚೆನ್ನಾಗಿಯೇ ಇತ್ತು!

ಎಲೆಕ್ಟ್ರಿಷಿಯನ್‌ಗಳಿಗೆ ಎರಡು ಮಾತು ಹೇಳಲೇಬೇಕು. ಬಲ್ಬಿನ ಟೆಸ್ಟ್ ಲ್ಯಾಂಪನ್ನು ಸೆನ್ಸರ್ ವೈರಿಗೆ ಹಿಡಿಯಬೇಡಿ, ಅದು ಎಳೆಯುವ ಕರೆಂಟಿಗೆ ಇಸಿಎಂ ಕೆಡಬಹುದು. ವೈರಿನ ಮೈಗೆ ಸೂಜಿ ಚುಚ್ಚಬೇಡಿ. ಮಲೆನಾಡಿನ ಮಳೆಯಲ್ಲಿ ಆ ತೂತಿನಿಂದ ನೀರು ಇಳಿದು ಒಳಗೆ ತಾಮ್ರ ಹಸಿರುಗಟ್ಟುತ್ತದೆ.

ಸರ್ವಿಸ್ ಸೆಂಟರನ್ನು ನಾನು ಕಡೆಗಣಿಸುವುದಿಲ್ಲ. ವಾರಂಟಿ ಇದ್ದರೆ ನೇರ ಅಲ್ಲಿಗೇ ಹೋಗಿ. ವೈರಿಂಗ್ ಡಯಾಗ್ರಾಂ, ಆಯಾ ಎಂಜಿನ್ನಿಗೆ ಯಾವ ಪಿನ್ನಿನಲ್ಲಿ ಎಷ್ಟು ವೋಲ್ಟ್ ಬರಬೇಕು ಎಂಬ ಲೆಕ್ಕ, ಇಸಿಎಂ ಸಾಫ್ಟ್‌ವೇರ್ ಅಪ್‌ಡೇಟ್, ಇವೆಲ್ಲ ಇರುವುದು ಅವರ ಹತ್ತಿರ. ತೊಂದರೆ ಸಮಯದ್ದು. ಲೋಡು ಹಾಕಿಕೊಂಡು ಸಾಲಿನಲ್ಲಿ ನಿಂತರೆ ಬಾಡಿಗೆಯೂ ಹೋಗುತ್ತದೆ, ಪಾರ್ಟಿಯ ಬೈಗುಳವೂ ಸಿಗುತ್ತದೆ. ಬೂಸ್ಟ್ ಸೆನ್ಸರಿನಂಥ ಕೆಲಸಕ್ಕೆ ಅಷ್ಟು ದೂರ ಹೋಗಬೇಕಿಲ್ಲ.

ಸೆನ್ಸರೇ ಕೆಟ್ಟಿದೆ ಎಂದು ಖಾತ್ರಿಯಾದರೆ ಮೊದಲು ತೊಳೆದು ನೋಡಿ. ಇಜಿಆರ್ (ಹೊಗೆಯಲ್ಲಿ ಸ್ವಲ್ಪವನ್ನು ಮತ್ತೆ ಎಂಜಿನ್ನಿಗೇ ಬಿಡುವ ವ್ಯವಸ್ಥೆ) ಇರುವ ಎಂಜಿನ್ನಿನಲ್ಲಿ ಹೊಗೆಯ ಮಸಿ, ಎಣ್ಣೆ ಆವಿ ಸೇರಿ ಸೆನ್ಸರಿನ ಬಾಯಿಗೆ ಟಾರಿನ ಹಾಗೆ ಮೆತ್ತಿಕೊಳ್ಳುತ್ತದೆ. ಎಲೆಕ್ಟ್ರಾನಿಕ್ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು ತಾನಾಗಿ ಒಣಗಲು ಬಿಡಿ. ಒಳಗೆ ಕಡ್ಡಿ ಹಾಕಬಾರದು, ಕಂಪ್ರೆಸರ್ ಗಾಳಿಯನ್ನೂ ಬಿಡಬಾರದು. ಆದ ಮೇಲೆ ಕೀ ಆನ್ ಪರೀಕ್ಷೆ ಇನ್ನೊಮ್ಮೆ.

ಹೊಸದೇ ಬೇಕಾದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಮೂರು ಬಗೆ ಕೇಳಿದ್ದೇನೆ. ಲಾರಿ ಕಂಪನಿಯ ಡಬ್ಬಿಯಲ್ಲಿ ಬರುವುದು, ಸೆನ್ಸರ್ ತಯಾರಿಸುವ ಕಂಪನಿಯ ಡಬ್ಬಿಯಲ್ಲಿ ಬರುವುದು, ಹೆಸರಿಲ್ಲದ ಡೂಪ್ಲಿಕೇಟ್. ನನ್ನ ಆಯ್ಕೆ ನಡುವಿನದು. ಹಳೆ ಸೆನ್ಸರಿನ ಮೈಮೇಲಿನ ನಂಬರು ಹಿಡಿದು ಕೇಳಿ, ಅದೇ ನಂಬರಿನದು ಕಡಿಮೆ ದುಡ್ಡಿಗೆ ಸಿಗುತ್ತದೆ. ಡೂಪ್ಲಿಕೇಟ್ ಅರ್ಧಕ್ಕಿಂತ ಕಡಿಮೆ ಬೆಲೆ, ಆದರೆ ಹಾಕಿದ ದಿನವೇ ಲೆಕ್ಕ ವ್ಯತ್ಯಾಸ ತೋರಿಸಿತು. ಒತ್ತಡ ಜಾಸ್ತಿ ಎಂದು ಸುಳ್ಳು ಹೇಳಿದರೆ ಇಸಿಎಂ ಡೀಸೆಲ್ ಜಾಸ್ತಿ ಬಿಡುತ್ತದೆ, ಕಪ್ಪು ಹೊಗೆ ಬರುತ್ತದೆ. ಎಲೆಕ್ಟ್ರಿಕಲ್ ಸಾಮಾನನ್ನು ಅಂಗಡಿಯವರು ಸಾಮಾನ್ಯವಾಗಿ ವಾಪಸ್ ತಗೊಳ್ಳುವುದಿಲ್ಲ. ಗುಜರಿ ಸೆನ್ಸರ್ ಬೇಡವೇ ಬೇಡ. ಆದರೆ ಗುಜರಿಯಿಂದ ಕಪ್ಲರ್ ತಂದರೆ ತಪ್ಪಿಲ್ಲ, ಲಾಕ್ ಮತ್ತು ರಬ್ಬರ್ ಸೀಲ್ ಗಟ್ಟಿ ಇರಬೇಕು.

2020ರ ಏಪ್ರಿಲ್ ನಂತರದ ಬಿಎಸ್ 6 ಲಾರಿ ಇದ್ದವರಿಗೆ ಒಂದು ವಿಷಯ ಬೇರೆ. ಸೈಲೆನ್ಸರ್ ಕಡೆಯ ನಾಕ್ಸ್ ಸೆನ್ಸರಿಗೆ (ಹೊಗೆಯ ನೈಟ್ರೋಜನ್ ಆಕ್ಸೈಡ್ ಅಳೆಯುವುದು) ಮೇಲಿನ ವೋಲ್ಟೇಜ್ ಪರೀಕ್ಷೆ ನಡೆಯುವುದಿಲ್ಲ. ಅದಕ್ಕೆ ತನ್ನದೇ ಸಣ್ಣ ಕಂಪ್ಯೂಟರ್ ಇದೆ, ಲೆಕ್ಕವನ್ನು ಕ್ಯಾನ್ ಲೈನಿನಲ್ಲಿ, ಅಂದರೆ ಗಾಡಿಯ ಕಂಪ್ಯೂಟರುಗಳು ಮಾತಾಡುವ ಎರಡು ವೈರಿನಲ್ಲಿ, ಕಳಿಸುತ್ತದೆ. ಮೀಟರಿನಲ್ಲಿ 24 ವೋಲ್ಟ್ ಸಪ್ಲೈ ನೋಡಬಹುದು. ಬ್ಯಾಟರಿ ತೆಗೆದು ಕ್ಯಾನ್‌ನ ಎರಡು ವೈರ್ ನಡುವೆ ಸುಮಾರು 60 ಓಮ್ ಇದೆಯೇ ನೋಡಬಹುದು. ಅದಕ್ಕಿಂತ ಮುಂದೆ ಸರ್ವಿಸ್ ಸೆಂಟರಿನ ಲ್ಯಾಪ್‌ಟಾಪೇ ಬೇಕು. ‘ಎಮ್ಯುಲೇಟರ್ ಹಾಕಿ ಕೊಡ್ತೀನಿ, ಡಿಇಎಫ್ ಖರ್ಚೂ ಉಳಿಯುತ್ತೆ’ ಎನ್ನುವವರು ಸಿಗುತ್ತಾರೆ. ಎಮ್ಯುಲೇಟರ್ ಅಂದರೆ ಎಲ್ಲ ಸರಿ ಇದೆ ಎಂದು ಇಸಿಎಂಗೆ ಸುಳ್ಳು ಹೇಳುವ ಪೆಟ್ಟಿಗೆ, ಡಿಇಎಫ್ ಅಂದರೆ ಹೊಗೆ ಶುದ್ಧ ಮಾಡಲು ಹಾಕುವ ಯೂರಿಯಾ ದ್ರವ. ದಯವಿಟ್ಟು ಒಪ್ಪಬೇಡಿ. ಅದು ಕಾನೂನಿಗೆ ವಿರುದ್ಧ, ಆ ಹೊಗೆ ಕುಡಿಯುವವರು ಚೆಕ್‌ಪೋಸ್ಟಿನಲ್ಲಿ, ಟೋಲ್ ಗೇಟಿನಲ್ಲಿ ನಿಲ್ಲುವ ನಮ್ಮ ಜನರೇ.