ದೆರ್ಗಿಪಾರ್ಕ್ ಮತ್ತು ಪ್ರಬಂಧ ಕೇಂದ್ರ: ಅನುಬಂಧದಿಂದ ಓದಲು ಶುರು ಮಾಡಿ

ಟರ್ಕಿಯ ಶಿಕ್ಷಕರು ತಮ್ಮ ಕೆಲಸದ ಬಗ್ಗೆ ಏನು ನಂಬಿದ್ದಾರೆ, ಮುಖ್ಯೋಪಾಧ್ಯಾಯರ ನಾಯಕತ್ವ ಆ ನಂಬಿಕೆಯನ್ನು ಎಷ್ಟು ಅಲುಗಿಸುತ್ತದೆ ಎಂಬುದು ನನ್ನ ಪಿಎಚ್‌ಡಿಯ ಮೂರನೇ ಅಧ್ಯಾಯ. ಆರು ತಿಂಗಳಿಂದ ಎರಡು ತಾಣಗಳನ್ನೇ ನೆಚ್ಚಿಕೊಂಡಿದ್ದೇನೆ. ಒಂದು, ಟರ್ಕಿಯ ವಿಜ್ಞಾನ-ತಂತ್ರಜ್ಞಾನ ಸಂಶೋಧನಾ ಮಂಡಳಿಯಾದ ತ್ಯುಬಿತಾಕ್‌ನ ಉಲಾಕ್‌ಬಿಮ್ ಎಂಬ ಘಟಕ ನಡೆಸುವ ದೆರ್ಗಿಪಾರ್ಕ್. ದೆರ್ಗಿ ಎಂದರೆ ಪತ್ರಿಕೆ. ಟರ್ಕಿಯ ಸಂಶೋಧನಾ ಪತ್ರಿಕೆಗಳ ದೊಡ್ಡ ಸಂತೆ ಇದು. ಇನ್ನೊಂದು, ಅಲ್ಲಿನ ಉನ್ನತ ಶಿಕ್ಷಣ ಮಂಡಳಿಯ ರಾಷ್ಟ್ರೀಯ ಪ್ರಬಂಧ ಕೇಂದ್ರ, ಅಂದರೆ ಸ್ನಾತಕೋತ್ತರ ಮತ್ತು ಪಿಎಚ್‌ಡಿ ಪ್ರಬಂಧಗಳ ಸಂಗ್ರಹ. ಎರಡಕ್ಕೂ ನಾನು ಒಂದು ಕಾಸು ಕೊಟ್ಟಿಲ್ಲ.

ಮೊದಲ ವಾರ ಇಂಗ್ಲಿಷಿನಲ್ಲಿ ಹುಡುಕಿ ಸಮಯ ಹಾಳು ಮಾಡಿಕೊಂಡೆ. ಟರ್ಕಿಶ್ ಪದಗಳನ್ನು ಹಾಕಿದ ಮೇಲೆಯೇ ಬಾಗಿಲು ತೆರೆದದ್ದು: ಶಿಕ್ಷಕರಿಗೆ ಓರೆತ್ಮೆನ್, ನಂಬಿಕೆಗೆ ಇನಾಂಚ್, ಸ್ವಸಾಮರ್ಥ್ಯದ ನಂಬಿಕೆಗೆ ಓಜ್ ಯೆತೆರ್ಲಿಕ್, ಮುಖ್ಯೋಪಾಧ್ಯಾಯರಿಗೆ ಮ್ಯುದ್ಯುರ್. ನಾನು ಬಳಸಿದ ಅನುವಾದ ಯಂತ್ರವೊಂದು ಈ ಮ್ಯುದ್ಯುರ್‌ನನ್ನು ಕೊನೆಯವರೆಗೂ 'ಮ್ಯಾನೇಜರ್' ಎಂದೇ ಕರೆಯಿತು. ಶಾಲೆಯೋ ಬ್ಯಾಂಕೋ ಎಂದು ಅನುಮಾನ ಬರುವಷ್ಟು. ಕನ್ನಡಿಗರಿಗೆ ಮಾತ್ರ ಸಿಗುವ ಒಂದು ಲಾಭವಿದೆ. ಓಕುಲ್-ಲಾರ್-ದಾ ಎಂದರೆ ಶಾಲೆ-ಗಳ-ಲ್ಲಿ. ಪ್ರತ್ಯಯಗಳು ಹೀಗೆ ಬಾಲದಂತೆ ಸೇರಿಕೊಳ್ಳುತ್ತವೆ, ಕ್ರಿಯಾಪದ ಕೊನೆಗೆ ಬರುತ್ತದೆ. ಎರಡು ತಿಂಗಳಲ್ಲಿ ಸಾರಾಂಶಗಳನ್ನು ಯಂತ್ರವಿಲ್ಲದೆ ತಡವರಿಸಿಕೊಂಡು ಓದುವ ಹಾಗಾಯಿತು.

ಈಗ ಸರಕಿನ ಗುಣಮಟ್ಟ. ಬೇಕಾದಷ್ಟಿದೆ, ಆದರೆ ಹತ್ತು ಲೇಖನ ಓದಿದರೆ ಹನ್ನೊಂದನೆಯದು ಹೇಗಿರುತ್ತದೆಂದು ಗೊತ್ತಾಗಿಬಿಡುತ್ತದೆ. ಒಂದು ನಗರ, ಒಂದೆರಡು ಪ್ರಶ್ನಾವಳಿ, ಲಿಂಗ, ಸೇವಾವಧಿ, ವಿಷಯವಾರು ಟಿ-ಪರೀಕ್ಷೆ (ಗುಂಪುಗಳ ಸರಾಸರಿ ಹೋಲಿಸುವ ಲೆಕ್ಕ), ಕೊನೆಗೆ 'ಧನಾತ್ಮಕ ಸಂಬಂಧ ಕಂಡುಬಂತು'. ಅಳತೆಗೋಲುಗಳೂ ಬಹುಪಾಲು ಆಮದು. ಸ್ವಸಾಮರ್ಥ್ಯ ಅಳೆಯುವ 24 ಪ್ರಶ್ನೆಗಳ ಪಟ್ಟಿ 2001ರಲ್ಲಿ ಅಮೆರಿಕದಲ್ಲಿ ಬಂತು, ಟರ್ಕಿಶ್ ರೂಪ 2005ರಲ್ಲಿ. ಮುಖ್ಯೋಪಾಧ್ಯಾಯರ ಬೋಧನಾ ನಾಯಕತ್ವ ಅಳೆಯುವ ಪಟ್ಟಿಯ ಮೂಲವೂ ಅಮೆರಿಕವೇ. ಆದರೆ ಟರ್ಕಿಯ ಸರ್ಕಾರಿ ಶಾಲೆಯ ಮ್ಯುದ್ಯುರ್ ತನ್ನ ಶಿಕ್ಷಕರನ್ನು ತಾನು ಆರಿಸಿಕೊಳ್ಳುವುದಿಲ್ಲ. ಬಹುಕಾಲ ಕೆಪಿಎಸ್ಎಸ್ ಎಂಬ ಸರ್ಕಾರಿ ನೌಕರಿ ಪರೀಕ್ಷೆಯ ಅಂಕ ನೋಡಿ ಸಚಿವಾಲಯವೇ ನೇಮಿಸುತ್ತಿತ್ತು. ಪಠ್ಯಕ್ರಮವೂ ಅಂಕಾರಾದಿಂದ ಬರುತ್ತದೆ. ಮ್ಯುದ್ಯುರ್ ಹುದ್ದೆ ನಾಲ್ಕು ವರ್ಷಕ್ಕೆ, ಒಂದೇ ಶಾಲೆಯಲ್ಲಿ ಎಂಟು ದಾಟುವಂತಿಲ್ಲ. ಅಂಥವರನ್ನು ಈ ಗೋಲಿನಿಂದ ಅಳೆದರೆ ಸಿಗುವುದು ನಾಯಕತ್ವವೋ, ಸಜ್ಜನಿಕೆಯೋ? ಹೆಚ್ಚಿನ ಲೇಖನಗಳು ಇದನ್ನು ಕೇಳುವುದೇ ಇಲ್ಲ.

ಅದಕ್ಕೇ ಪ್ರಬಂಧ ಕೇಂದ್ರ ನನಗೆ ಹೆಚ್ಚು ಇಷ್ಟ. ಪತ್ರಿಕೆಯಲ್ಲಿ ಹದಿನೈದು ಪುಟಕ್ಕೆ ಕತ್ತರಿಸಿದ ಕೆಲಸದ ಪೂರ್ತಿ ಪ್ರಬಂಧ ಇಲ್ಲಿರುತ್ತದೆ. ನಾನೀಗ ನೇರ ಅನುಬಂಧಕ್ಕೆ ಹೋಗುತ್ತೇನೆ. ಪ್ರಶ್ನಾವಳಿಯ ಮೂಲ ಪ್ರತಿ, ಪ್ರಾಂತ್ಯದ ಶಿಕ್ಷಣ ನಿರ್ದೇಶನಾಲಯ ಕೊಟ್ಟ ಅನುಮತಿ ಪತ್ರ, ಎಲ್ಲ ಅಲ್ಲಿ. ಆಮೇಲೆ ವಿಧಾನದ ಅಧ್ಯಾಯದಲ್ಲಿ ಒಂದೇ ಸಂಗತಿ ಹುಡುಕುತ್ತೇನೆ: ಫಾರಂ ಹಂಚಿದವರು ಯಾರು? ಮ್ಯುದ್ಯುರ್ ಕೋಣೆಯಿಂದ ಬಂದ ಫಾರಂನಲ್ಲಿ 'ನಿಮ್ಮ ಮ್ಯುದ್ಯುರ್ ನ್ಯಾಯವಾಗಿ ನಡೆದುಕೊಳ್ಳುತ್ತಾರೆಯೇ' ಎಂಬ ಪ್ರಶ್ನೆಗೆ ಐದಕ್ಕೆ ಐದು ಬಿದ್ದರೆ ನಾನಂತೂ ಪೆನ್ಸಿಲ್‌ನಲ್ಲಿ ಒಂದು ಪ್ರಶ್ನಾರ್ಥಕ ಹಾಕಿಕೊಳ್ಳುತ್ತೇನೆ. ಕೆಲವು ಪ್ರಬಂಧಗಳಿಗೆ ಲೇಖಕರೇ ನಿರ್ಬಂಧ ಹಾಕಿರುತ್ತಾರೆ. ಆಗ ಸಾರಾಂಶದಲ್ಲೇ ತೃಪ್ತಿಪಡಬೇಕು.

ಅಂಕಿಗಳ ನಡುವೆ ಉಸಿರು ಕಟ್ಟಿದಾಗ 'ಮೆತಾಫೋರ್' (ರೂಪಕ) ಎಂದು ಹುಡುಕಿ. ಇದು ಅಲ್ಲಿನವರಿಗೆ ಬಲು ಪ್ರಿಯವಾದ ವಿಧಾನ. ಶಿಕ್ಷಕರ ಕೈಗೆ ಒಂದು ಸಾಲು ಕೊಡುತ್ತಾರೆ: 'ಶಾಲೆಯ ಮ್ಯುದ್ಯುರ್ ... ಇದ್ದ ಹಾಗೆ, ಏಕೆಂದರೆ ...'. ಒಬ್ಬರು ತಂದೆ ಎನ್ನುತ್ತಾರೆ, ಇನ್ನೊಬ್ಬರು ಹಡಗಿನ ಕಪ್ತಾನ. ಲೇಖಕರು ತಕ್ಷಣ ಎಲ್ಲವನ್ನೂ ವರ್ಗಗಳಿಗೆ ಹಾಕಿ ಶೇಕಡಾವಾರು ತೆಗೆಯುತ್ತಾರೆ, ಅದನ್ನು ಬಿಟ್ಟುಬಿಡಿ. 'ಏಕೆಂದರೆ' ಆದಮೇಲೆ ಬರೆದ ಅರ್ಧ ಸಾಲುಗಳನ್ನು ಓದಿ. ನನ್ನ ಅಧ್ಯಾಯದ ಮುಕ್ಕಾಲು ಪಾಲು ಅಲ್ಲಿಂದಲೇ ಬಂದದ್ದು.

ಆರ್ಥಿಕ ಸಹಕಾರದ ಅಂತಾರಾಷ್ಟ್ರೀಯ ಸಂಘಟನೆ ಒಇಸಿಡಿ ಹಲವು ದೇಶಗಳ ಶಿಕ್ಷಕರ ಮೇಲೆ ನಡೆಸುವ ಟಾಲಿಸ್ ಸಮೀಕ್ಷೆಯ ದತ್ತಾಂಶವೂ ಉಚಿತ, ಆದರೆ 2008 ಮತ್ತು 2018ರ ನಡುವಿನ 2013ರ ಸುತ್ತಿನಲ್ಲಿ ಟರ್ಕಿ ಇಲ್ಲ. ಹೋಲಿಸಲು ಹೊರಟವರು ನೆನಪಿಟ್ಟುಕೊಳ್ಳಿ.

ದೆರ್ಗಿಪಾರ್ಕ್‌ಗೆ ಐದರಲ್ಲಿ ನಾಲ್ಕು. ಪ್ರಬಂಧ ಕೇಂದ್ರಕ್ಕೆ ನಾಲ್ಕೂವರೆ, ಅನುಬಂಧಗಳ ಸಲುವಾಗಿ.