ಮಾಜ್ದಾ ಆರ್‌ಎಕ್ಸ್-7 ಎಫ್‌ಡಿ: ದೀರ್ಘ ಬಳಕೆಯ ವಿಮರ್ಶೆ, ಬೆಳಗಿನ ಹೊಗೆಯ ಪರೀಕ್ಷೆ ಸಮೇತ

ಆರ್‌ಎಕ್ಸ್-7ರ ಕೊನೆಯ ತಲೆಮಾರಾದ ಎಫ್‌ಡಿಯ ತಯಾರಿಕೆ ನಿಂತಿದ್ದು 2002ರಲ್ಲಿ. ಎಂಜಿನ್ ಒಮ್ಮೆಯೂ ಬಿಚ್ಚದ ಗಾಡಿಯಾದರೆ ಒಳಗಿನ ರಬ್ಬರ್ ಸೀಲುಗಳಿಗೆ ಇಪ್ಪತ್ತು ವರ್ಷ ದಾಟಿದೆ ಅಂತಲೇ ಅರ್ಥ. ರಾತ್ರಿಯಿಡೀ ನಿಂತು ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಸೈಲೆನ್ಸರ್‌ನಿಂದ ಬರುವ ಹೊಗೆಗೆ ಬಹಳ ಸಲ ಈ ರಬ್ಬರೇ ಕಾರಣ.

ಓಡಿಸುವ ಸುಖದಲ್ಲಿ ಈ ಕಾರಿಗೆ ಪೂರ್ತಿ ಅಂಕ. 1308 ಸಿಸಿಯ 13ಬಿ-ಆರ್‌ಇಡಬ್ಲ್ಯೂ ಎಂಜಿನ್, ಎರಡು ರೋಟರ್ (ಪಿಸ್ಟನ್ ಬದಲಿಗೆ ಸುತ್ತುವ ಮೂರು ಮುಖದ ಭಾಗ), ಎರಡು ಟರ್ಬೊ. ಮೊದಲ ಟರ್ಬೊ ಕಡಿಮೆ ಆರ್‌ಪಿಎಂನಿಂದಲೇ ಎಳೆಯುತ್ತದೆ, ಎರಡನೆಯದು 4500ರ ಆಸುಪಾಸಿನಲ್ಲಿ ಜೊತೆಗೂಡುತ್ತದೆ. ಆದರೆ ಹೊಗೆಯನ್ನು ಓದಲು ಬಾರದವರು ಇದನ್ನು ಕೊಳ್ಳಲೇಬಾರದು. ಸುಮ್ಮನೆ ಬಿಡಬಹುದಾದ ಹೊಗೆಗೆ ಹೆದರಿ ಎಂಜಿನ್ ಬಿಚ್ಚಿಸುವವರೂ ಇದ್ದಾರೆ, ಬಿಡಬಾರದ ಹೊಗೆಯನ್ನು ಕಡೆಗಣಿಸಿ ರೋಟರ್ ಸುತ್ತಲಿನ ಹೌಸಿಂಗ್ ಹಾಳು ಮಾಡಿಕೊಳ್ಳುವವರೂ ಇದ್ದಾರೆ.

ಸ್ವಲ್ಪ ಆಯಿಲ್ ಸುಡುವುದು ಈ ಎಂಜಿನ್ನಿನ ರೋಗವಲ್ಲ. ರೋಟರಿನ ತುದಿಗಳಲ್ಲಿರುವ ಏಪೆಕ್ಸ್ ಸೀಲ್ ಒಣಗದಿರಲಿ ಎಂದು ಮೀಟರಿಂಗ್ ಪಂಪೇ ಆಯಿಲನ್ನು ಒಳಗೆ ಬಿಡುತ್ತದೆ. ಈ ಪಂಪ್ ತೆಗೆಸಿ ಪೆಟ್ರೋಲಿಗೆ ಟೂ-ಸ್ಟ್ರೋಕ್ ಆಯಿಲ್ ಬೆರೆಸುವವರು ಲೀಟರಿಗೆ 5ರಿಂದ 8 ಮಿಲೀ ಮೀರಿ ಸುರಿಯುತ್ತಿದ್ದರೆ ಮೊದಲು ಅದನ್ನು ಸರಿಮಾಡಿಕೊಳ್ಳಲಿ. ಡಿಪ್‌ಸ್ಟಿಕ್ಕನ್ನೂ ಸಮತಟ್ಟು ಜಾಗದಲ್ಲಿ ನೋಡಬೇಕು. ಆಯಿಲ್ ಎಫ್ (ಫುಲ್) ಗೆರೆ ದಾಟಿದ್ದರೆ ಬ್ರೀದರ್ ಎಂಬ ಗಾಳಿ ಕೊಳವೆಯ ಮೂಲಕ ಇನ್‌ಟೇಕ್‌ಗೆ ಹೋಗಿ ಸುಡುತ್ತದೆ.

ಇನ್ನು ಬಣ್ಣ. ಚಳಿಯ ಬೆಳಗ್ಗೆ ಪೈಪಿನಿಂದ ಹೊರಬಂದು ಒಂದೆರಡು ಅಡಿಯಲ್ಲೇ ಕರಗಿಹೋಗುವ ತೆಳು ಬಿಳುಪು ಬರೀ ಹಬೆ. ಪೆಟ್ರೋಲ್ ವಾಸನೆಯ ಕಪ್ಪು ಹೊಗೆ ಬಂದರೆ, ಹಿಂದಿನ ದಿನ ಗಾಡಿಯನ್ನು ಹತ್ತು ಅಡಿ ಸರಿಸಿ ತಣ್ಣಗಿರುವಾಗಲೇ ಆಫ್ ಮಾಡಿದ್ದಿರಬಹುದು, ಇಲ್ಲವೇ ಇಂಜೆಕ್ಟರ್ ಸೋರುತ್ತಿರಬಹುದು. ಇವೆರಡೂ ಎಂಜಿನ್ ಬಿಚ್ಚುವ ಮಾತಲ್ಲ.

ತಲೆನೋವೆಲ್ಲ ನೀಲಿ ಹೊಗೆಯದು. ಇದಕ್ಕೆ ಇಬ್ಬರು ಅಪರಾಧಿಗಳು, ರೋಟರಿನ ಆಯಿಲ್ ಕಂಟ್ರೋಲ್ ರಿಂಗ್ ಮತ್ತು ಟರ್ಬೊ. ರೋಟರನ್ನು ಒಳಗಿನಿಂದ ತಣಿಸುವುದು ಆಯಿಲ್. ಅದು ದಹನದ ಕೋಣೆಗೆ ಹೋಗದಂತೆ ರೋಟರಿನ ಎರಡೂ ಬದಿಯಲ್ಲಿ ಎರಡೆರಡು ರಿಂಗ್, ಪ್ರತಿ ರಿಂಗಿಗೂ ಒಂದು ರಬ್ಬರ್ ಓ-ರಿಂಗ್. ಎಂಜಿನ್ ಒಮ್ಮೆ ವಿಪರೀತ ಬಿಸಿಯಾದರೂ ಸಾಕು, ಈ ರಬ್ಬರ್ ಗಟ್ಟಿಯಾಗಿ ಪ್ಲಾಸ್ಟಿಕ್ಕಿನಂತಾಗುತ್ತದೆ, ಉಗುರಿನಿಂದ ಒತ್ತಿದರೆ ಬಗ್ಗದೆ ಚಟ್ಟನೆ ಮುರಿಯುತ್ತದೆ. ಆಮೇಲೆ ರಾತ್ರಿ ಆಯಿಲ್ ಜಿನುಗಿ ಕೆಳಗೆ ಸೇರುತ್ತದೆ, ಬೆಳಗ್ಗೆ ಸ್ಟಾರ್ಟ್ ಆದ ಕ್ಷಣಕ್ಕೇ ನೀಲಿ ಮೋಡ ಏಳುತ್ತದೆ, ಒಂದೆರಡು ನಿಮಿಷದಲ್ಲಿ ತಿಳಿಯಾಗುತ್ತದೆ. ಟರ್ಬೊ ಹೊಗೆಯ ಚಾಳಿಯೇ ಬೇರೆ. ಐದು ಹತ್ತು ನಿಮಿಷ ಐಡ್ಲಿಂಗ್‌ನಲ್ಲಿ ನಿಂತು, ಆಮೇಲೆ ಆಕ್ಸಿಲರೇಟರ್ ಒತ್ತಿದಾಗ ಭುಸ್ಸನೆ ಬರುತ್ತದೆ. ಟರ್ಬೊದಿಂದ ಆಯಿಲ್ ತನ್ನ ಭಾರಕ್ಕೇ ಇಳಿದು ಎಂಜಿನ್ ತಳದ ಆಯಿಲ್ ಸಂಪ್‌ಗೆ ಹೋಗಬೇಕು. ಡ್ರೈನ್ ಪೈಪ್ ಕರಕಲಿನಿಂದಲೋ ಹೆಚ್ಚಾಗಿ ಮೆತ್ತಿದ ಗ್ಯಾಸ್ಕೆಟ್ ಪೇಸ್ಟಿನಿಂದಲೋ ಕಟ್ಟಿಕೊಂಡರೆ, ಹೊಸ ಟರ್ಬೊ ಕೂಡ ಹೊಗೆ ಉಗುಳುತ್ತದೆ. ಹಾಗಾಗಿ ಟರ್ಬೊ ಬದಲಿಸುವ ಮುಂಚೆ ಡ್ರೈನ್ ನೋಡಿ.

ಇಬ್ಬರಲ್ಲಿ ಯಾರು ಎಂದು ಹೇಳುವುದು ಸ್ಪಾರ್ಕ್ ಪ್ಲಗ್. ಪ್ರತಿ ರೋಟರಿಗೂ ಕೆಳಗೊಂದು (ಲೀಡಿಂಗ್), ಮೇಲೊಂದು ಪ್ಲಗ್ ಇರುತ್ತದೆ. ರಾತ್ರಿ ನಿಂತ ಎಂಜಿನ್ನನ್ನು ಸ್ಟಾರ್ಟ್ ಮಾಡುವ ಮುಂಚೆಯೇ ಕೆಳಗಿನ ಎರಡು ಲೀಡಿಂಗ್ ಪ್ಲಗ್ ಬಿಚ್ಚಿ, ಮುಂದಿನ ರೋಟರ್ ಯಾವುದು, ಹಿಂದಿನದು ಯಾವುದು ಎಂದು ಗುರುತು ಹಾಕಿ. ಒಂದು ಆಯಿಲಿನಲ್ಲಿ ಮಿಂದು ಇನ್ನೊಂದು ಒಣಗಿದ್ದರೆ, ಮಿಂದ ರೋಟರಿನ ರಿಂಗ್ ಮೇಲೇ ಅನುಮಾನ. ಎರಡೂ ಒಣಗಿದ್ದು, ಟರ್ಬೊದಿಂದ ಹೊಗೆ ಒಯ್ಯುವ ಡೌನ್‌ಪೈಪ್ ಇಳಿಸಿದಾಗ ಟರ್ಬೈನಿನ ಬಾಯಿ ಮಾತ್ರ ಒದ್ದೆಯಾಗಿದ್ದರೆ ತಪ್ಪು ಟರ್ಬೊದ್ದು. ಇಂಟರ್‌ಕೂಲರ್ ಪೈಪಿನೊಳಗೆ ಬೆರಳಿಗೆ ಅಂಟುವಷ್ಟು ಆಯಿಲ್ ಇದ್ದೇ ಇರುತ್ತದೆ, ಮಡುಗಟ್ಟಿ ನಿಂತಿದ್ದರೆ ಮಾತ್ರ ಟರ್ಬೊದ ಕಂಪ್ರೆಸರ್ ಕಡೆಯ ಸೀಲ್ ನೋಡಬೇಕು. ಪ್ಲಗ್ ವಾಪಸ್ ಹಾಕುವಾಗ ಎಚ್ಚರ: ಕಂಪನಿಯ ಲೆಕ್ಕದಲ್ಲಿ ಹೀಟ್ ರೇಂಜ್ (ಪ್ಲಗ್ ಶಾಖ ಹೊರಹಾಕುವ ಮಟ್ಟದ ಅಂಕಿ) ಕೆಳಗಿನ ಪ್ಲಗ್‌ಗೆ 7, ಮೇಲಿನದಕ್ಕೆ 9. ಅದಲು ಬದಲು ಮಾಡಬೇಡಿ.

ಕಂಪ್ರೆಷನ್ (ಎಂಜಿನ್ ಒಳಗೆ ಹಿಡಿದಿಡುವ ಒತ್ತಡ) ಚೆನ್ನಾಗಿ ಬಂದ ಕೂಡಲೇ ಎಂಜಿನ್ ಚೊಕ್ಕವಾಗಿದೆ ಎಂದು ಸರ್ಟಿಫಿಕೇಟ್ ಕೊಡುವ ಮೆಕ್ಯಾನಿಕ್‌ನ ಮಾತು ನಂಬಬೇಡಿ. ಕಂಪ್ರೆಷನ್ ಹಿಡಿಯುವುದು ಏಪೆಕ್ಸ್, ಸೈಡ್ ಮತ್ತು ಕಾರ್ನರ್ ಸೀಲ್. ಆಯಿಲ್ ತಡೆಯುವ ರಿಂಗ್ ಬೇರೆ. ರೋಟರಿನ ಮೂರೂ ಮುಖದಲ್ಲಿ 250 ಆರ್‌ಪಿಎಂಗೆ ಚದರ ಸೆಂಟಿಮೀಟರಿಗೆ 8 ಕೆಜಿ ತೋರಿಸುವ ಎಂಜಿನ್ ಕೂಡ ಬೆಳಗ್ಗೆ ನೀಲಿ ಹೊಗೆ ಬಿಡಬಲ್ಲದು. ಆದರೂ ಕಂಪ್ರೆಷನ್ ನೋಡಲೇಬೇಕು. 6 ಕೆಜಿಗಿಂತ ಕೆಳಗಿದ್ದರೆ, ಇಲ್ಲವೇ ಒಂದೇ ರೋಟರಿನ ಮುಖಗಳ ನಡುವೆ 1.5 ಕೆಜಿ ಮೀರಿ ವ್ಯತ್ಯಾಸವಿದ್ದರೆ, ಹೇಗಿದ್ದರೂ ಬಿಚ್ಚುವುದೇ.

ಬಿಳಿ, ದಟ್ಟ, ಸಿಹಿ ವಾಸನೆಯ ಹೊಗೆ ಕಂಡರೆ ಗಾಡಿಯನ್ನು ಅಲ್ಲೇ ನಿಲ್ಲಿಸಿ. ಎಂಜಿನ್ ತಣಿಸುವ ನೀರನ್ನು (ಕೂಲಂಟ್) ತಡೆಯುವ ಸೀಲ್ ಹೋಗಿ ರಾತ್ರಿ ಆ ನೀರು ಒಳಗಿಳಿದಿದೆ. ಮೊದಲ ಕೆಲವು ಸೆಕೆಂಡು ಒಂದೇ ರೋಟರಿನಲ್ಲಿ ಕುಂಟುತ್ತಾ ಓಡಿ ಆಮೇಲೆ ಸರಿಹೋಗುವುದು, ಕೂಲಂಟ್ ಕಡಿಮೆಯಾಗಿದೆ ಎಂದು ಬಝರ್ ಕೂಗುವುದು ಇದರ ಜೊತೆಗಾರ ಲಕ್ಷಣ. ಎಂಜಿನ್ ತಣ್ಣಗಿರುವಾಗ ಫಿಲ್ಲರ್ ಬಾಯಿಗೆ ಪ್ರೆಷರ್ ಟೆಸ್ಟರ್ ಕಟ್ಟಿ 0.9 ಕೆಜಿ ಒತ್ತಡ ಕೊಟ್ಟು ರಾತ್ರಿಯಿಡೀ ಬಿಡಿ. ಹೊರಗೆಲ್ಲೂ ಹನಿ ಇಲ್ಲದೆ ಟೆಸ್ಟರಿನ ಮುಳ್ಳು ಇಳಿದಿದ್ದರೆ ಪ್ಲಗ್ ಬಿಚ್ಚಿ, ಇಂಧನ ಮತ್ತು ಇಗ್ನಿಷನ್ ಕಡಿದು ಕ್ರ್ಯಾಂಕ್ ಮಾಡಿಸಿ. ಯಾವ ರಂಧ್ರದಿಂದ ನೀರು ಚಿಮ್ಮುತ್ತದೋ ಆ ರೋಟರಿನ ಕಡೆಯ ಸೀಲೇ ಹೋಗಿದೆ. ಸೀಲ್ ಕಟ್ಟುವ ದ್ರವ ಸುರಿದು ಕಾಲ ತಳ್ಳಬೇಡಿ. ಅದು ಟರ್ಬೊಗೆ ಹೋಗುವ ಸಣ್ಣ ನೀರಿನ ಪೈಪುಗಳನ್ನೂ ಕಟ್ಟುತ್ತದೆ.

ನೀಲಿ ಹೊಗೆ ಬೆಳಗ್ಗೆ ಮಾತ್ರ ಬಂದು ತಿಳಿಯಾಗುತ್ತಿದ್ದು, ಕಂಪ್ರೆಷನ್ ಸರಿಯಿದ್ದರೆ ಎಂಜಿನ್ನನ್ನು ಹಾಗೇ ಓಡಿಸಬಹುದು. ಪೆಟ್ರೋಲ್ ಹಾಕಿಸಿದಾಗೆಲ್ಲ ಡಿಪ್‌ಸ್ಟಿಕ್ ನೋಡಿ, ಸೇರಿಸಿದ ಆಯಿಲನ್ನು ಕಿಲೋಮೀಟರ್ ಸಮೇತ ಬರೆದಿಡಿ. ಆ ಲೆಕ್ಕ ತಿಂಗಳಿಂದ ತಿಂಗಳಿಗೆ ಏರುತ್ತಾ ಹೋದರೆ, ಅಥವಾ ಬಿಸಿಯಾದ ಮೇಲೂ ಹೊಗೆ ನಿಲ್ಲದಿದ್ದರೆ ಎಂಜಿನ್ ಇಳಿಸಿ. ಇಳಿಸಿದ ಮೇಲೆ ಓ-ರಿಂಗ್ ಜೊತೆಗೆ ಕೂಲಂಟ್ ಸೀಲುಗಳನ್ನೂ ಪೂರ್ತಿ ಸೆಟ್ಟಾಗಿಯೇ ಹಾಕಿಸಿ, ಏಕೆಂದರೆ ಎರಡಕ್ಕೂ ಎಂಜಿನ್ ಅದೇ ರೀತಿ ಬಿಚ್ಚಬೇಕು.