ಏಪೆಕ್ಸ್‌ನಲ್ಲಿ ಮನೆ ಕೊಂಡ ಲೆಕ್ಕ: ಏಜೆಂಟ್‌ಗೆ ಸಂದ 12,712 ಡಾಲರ್ 50 ಸೆಂಟ್

2016ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಮಾರಿಸ್‌ವಿಲ್‌ನಲ್ಲಿ ನಮ್ಮ ಮೊದಲ ಟೌನ್‌ಹೌಸ್ ಕೊಂಡಾಗ, ಮನೆ ತೋರಿಸಿದ ಏಜೆಂಟ್ ‘ನನ್ನ ಸೇವೆಗೆ ನೀವು ಒಂದು ಪೈಸೆಯೂ ಕೊಡಬೇಕಿಲ್ಲ, ಎಲ್ಲ ಮಾರುವವರೇ ಕೊಡುತ್ತಾರೆ’ ಅಂದಿದ್ದರು. ನಮಗೂ ಅದು ಸರಿಯೆನಿಸಿತ್ತು. 2025ರಲ್ಲಿ ಹಳೆ ಫೈಲ್ ತೆಗೆದು, ಮನೆ ನಮ್ಮ ಹೆಸರಿಗಾದ ದಿನದ, ಅಂದರೆ ಕ್ಲೋಸಿಂಗ್‌ನ, ಲೆಕ್ಕದ ಕಾಗದದ ಎರಡನೇ ಪುಟ ಓದಿದೆ. ಮಾರುವವರ ಕಾಲಮ್ಮಿನಲ್ಲಿ ಎರಡು ಕಮಿಷನ್ ಸಾಲುಗಳಿದ್ದವು, ಒಂದು ಅವರ ಏಜೆಂಟ್‌ಗೆ, ಇನ್ನೊಂದು ನಮ್ಮ ಏಜೆಂಟ್‌ಗೆ. ನಮ್ಮವರಿಗೆ ಶೇ. 3, ಅಂದರೆ 2,68,000 ಡಾಲರ್ ಮನೆಗೆ 8,040 ಡಾಲರ್. ಆ ದುಡ್ಡು ಬಂದದ್ದು ನಾವು ಬ್ಯಾಂಕಿನಿಂದ ಸಾಲ ತಂದು ಕೊಟ್ಟ ಬೆಲೆಯೊಳಗಿಂದ. ಒಂಬತ್ತು ವರ್ಷದಿಂದ ಅದಕ್ಕೂ ಬಡ್ಡಿ ಕಟ್ಟುತ್ತಿದ್ದೇವೆ.

ಆದ್ದರಿಂದ ಈ ಸಲ, 2025ರ ಮಾರ್ಚ್‌ನಲ್ಲಿ, ದೊಡ್ಡ ಮನೆ ಹುಡುಕಲು ಹೊರಟಾಗ ಏಜೆಂಟ್‌ನ ಕೂಲಿ ಎಷ್ಟು, ಯಾರು ಕೊಡುತ್ತಾರೆ ಅನ್ನೋದು ಗೊತ್ತಾಗದೆ ಒಂದು ಮನೆಯ ಬಾಗಿಲನ್ನೂ ತಟ್ಟಬಾರದು ಅಂತ ತೀರ್ಮಾನಿಸಿದ್ದೆ. ನನ್ನ ಪುಣ್ಯಕ್ಕೆ ಆ ಹೊತ್ತಿಗೆ ನಿಯಮವೇ ಬದಲಾಗಿತ್ತು. ಇಲ್ಲಿ ನಾರ್ತ್ ಕೆರೊಲಿನಾದಲ್ಲಿ ಮನೆ ನೋಡುತ್ತಿರುವ ನಮ್ಮವರು ಬಹಳ ಜನ ಇದ್ದಾರೆ. ಅವರಿಗಾಗಿ ನಾವು ಪಡೆದ ಸೇವೆಯ ಬಗ್ಗೆ ವಿವರವಾಗಿ ಬರೆಯುತ್ತಿದ್ದೇನೆ.

ಬದಲಾದದ್ದು ಇಷ್ಟು. 2023ರ ಅಕ್ಟೋಬರ್ 31ರಂದು ಮಿಸೌರಿಯ ಕ್ಯಾನ್ಸಸ್ ಸಿಟಿಯ ಫೆಡರಲ್ ಕೋರ್ಟಿನಲ್ಲಿ ಜ್ಯೂರಿಯವರು ಮನೆ ಮಾರಿದವರ ಪರ ತೀರ್ಪು ಕೊಟ್ಟರು. ಕಮಿಷನ್ ದರ ಇಳಿಯದಂತೆ ರಿಯಲ್ಟರ್‌ಗಳ, ಅಂದರೆ ಮನೆ ಏಜೆಂಟರ, ರಾಷ್ಟ್ರೀಯ ಸಂಘವೂ ದೊಡ್ಡ ಬ್ರೋಕರೇಜ್ ಕಂಪನಿಗಳೂ ಕೂಡಿ ಹಿಡಿದಿಟ್ಟಿವೆ ಅಂತ, ಸುಮಾರು 178 ಕೋಟಿ ಡಾಲರ್ ನಷ್ಟ ಕಟ್ಟಿಕೊಡಬೇಕೆಂದರು. ಮರುವರ್ಷ ಮಾರ್ಚ್ 15ಕ್ಕೆ ಸಂಘ 41.8 ಕೋಟಿ ಡಾಲರ್‌ಗೆ ರಾಜಿಗೆ ಬಂತು. ರಾಜಿಯ ಷರತ್ತುಗಳು 2024ರ ಆಗಸ್ಟ್ 17ರಿಂದ ಜಾರಿಗೆ ಬಂದವು. ಮುಖ್ಯವಾದವು ಎರಡು. ಏಜೆಂಟರು ಮನೆಗಳ ಪಟ್ಟಿ ಹಾಕುವ ಎಂಎಲ್‌ಎಸ್‌ನಲ್ಲಿ ‘ಕೊಳ್ಳುವವರ ಏಜೆಂಟ್‌ಗೆ ಇಷ್ಟು ಕೊಡುತ್ತೇವೆ’ ಅಂತ ಬರೆಯುವ ಹಾಗಿಲ್ಲ. ಮನೆ ತೋರಿಸುವ ಮೊದಲೇ ಏಜೆಂಟ್ ನಮ್ಮೊಡನೆ ಬರಹದಲ್ಲಿ ಕರಾರು ಮಾಡಿಕೊಳ್ಳಬೇಕು, ಅದರಲ್ಲಿ ಅವರ ಸಂಭಾವನೆ ಖಚಿತ ಅಂಕಿಯಲ್ಲಿ ಇರಬೇಕು. ‘ಮಾರುವವರು ಎಷ್ಟು ಕೊಡುತ್ತಾರೋ ಅಷ್ಟು’ ಅಂತ ಬರೆದರೆ ನಡೆಯೋದಿಲ್ಲ. ಈ ದರ ಕಾನೂನು ಗೊತ್ತುಮಾಡಿದ್ದಲ್ಲ, ಮಾತಾಡಿ ಇಳಿಸಿಕೊಳ್ಳಬಹುದು ಅನ್ನುವ ಸಾಲೂ ಎದ್ದು ಕಾಣುವಂತೆ ಇರಬೇಕು. ಮಾರುವವರು ಎಲ್ಲರಿಗೂ ತೆರೆದಿಡುವ ಓಪನ್ ಹೌಸ್‌ಗೆ ನಾವೇ ಹೋಗಿ ನೋಡಿಕೊಂಡು ಬರುವುದಕ್ಕೆ ಮಾತ್ರ ಯಾವ ಕರಾರೂ ಬೇಡ.

ಇಷ್ಟು ಓದಿಕೊಂಡಿದ್ದರೂ ನಾನು ಮೊದಲು ಎಡವುವುದರಲ್ಲಿದ್ದೆ. ಪರಿಚಯದವರು ಹೇಳಿದ ಒಬ್ಬ ಏಜೆಂಟ್ ಶುಕ್ರವಾರ ರಾತ್ರಿ ಒಂಬತ್ತೂವರೆಗೆ ಫೋನಿಗೆ ಕರಾರು ಕಳಿಸಿದರು. ‘ನಾಳೆ ಬೆಳಿಗ್ಗೆ ಹತ್ತಕ್ಕೆ ಮನೆ ನೋಡೋದಿದೆ, ಬೇಗ ಸೈನ್ ಮಾಡಿಬಿಡಿ, ಇದೆಲ್ಲ ಬರೀ ಫಾರ್ಮಾಲಿಟಿ’ ಅಂದರು. ಫೋನಿನ ಪರದೆಯಲ್ಲಿ ಹಳದಿ ಚೌಕ ಒತ್ತುತ್ತಾ ಹೋದರೆ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು. ನಾನು ಲ್ಯಾಪ್‌ಟಾಪ್ ತೆಗೆದು ಓದಿದೆ. ಶೇ. 3. ಆರು ತಿಂಗಳು. ಆ ಅವಧಿಯಲ್ಲಿ ವೇಕ್, ಡರಮ್, ಚ್ಯಾಟಮ್ ಮೂರೂ ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳ ಹಾಗೆ) ಯಾವ ಮನೆಯನ್ನು ಯಾರ ಮೂಲಕ ಕೊಂಡರೂ ಅವರಿಗೆ ದುಡ್ಡು ಸಲ್ಲಬೇಕು. ನಾಳೆಯ ಒಂದು ಮನೆಗೆ ಮಾತ್ರ ಕರಾರು ಮಾಡೋಣವೇ ಅಂತ ಕೇಳಿದೆ. ‘ಹಾಗೆ ಯಾರೂ ಮಾಡೋದಿಲ್ಲ, ಹೇಗಿದ್ದರೂ ಮಾರುವವರೇ ಕೊಡೋದು’ ಅಂದರು. ಒಂಬತ್ತು ವರ್ಷದ ಹಿಂದಿನ ಅದೇ ಮಾತು. ಬೆಳಿಗ್ಗೆ ಆ ಮನೆ ನೋಡಲು ನಾವು ಹೋಗಲಿಲ್ಲ.

ನಮ್ಮ ಅತ್ತೆ ಆಗ ಇಲ್ಲಿಗೆ ಬಂದಿದ್ದರು. ರೊಟ್ಟಿ ತಟ್ಟುತ್ತಲೇ ಎಲ್ಲ ಕೇಳಿಸಿಕೊಂಡು ಅಂದರು: ‘ದಾವಣಗೆರೆಯಾಗ ನಮ್ಮ ಸೈಟ್ ಮಾರಿದಾಗ ದಲ್ಲಾಳಿ ನಮ್ಮ ಕಡಿಂದಾನೂ ತಗಂಡ, ಅವರ ಕಡಿಂದಾನೂ ತಗಂಡ. ಆದ್ರ ಎಷ್ಟು ಅಂಬೋದನ್ನ ಚಾ ಕುಡಿಯೋಕಿಂತ ಮೊದ್ಲ ಹೇಳಿದ್ದ ನೋಡವಾ.’ ನನಗೂ ಬೇಕಾಗಿದ್ದದ್ದು ಅಷ್ಟೇ.

ನಾವು ಕೊನೆಗೆ ಆರಿಸಿಕೊಂಡವರು ವೇಕ್ ಕೌಂಟಿಯಲ್ಲೇ ಹುಟ್ಟಿ ಬೆಳೆದ, ಅರವತ್ತರ ಆಸುಪಾಸಿನ ಹೆಂಗಸು. ಅವರ ಹೆಸರು ಇಲ್ಲಿ ಬರೆಯೋದಿಲ್ಲ. ಮೊದಲ ಭೇಟಿಗೆ ಕರಾರಿನ ಎರಡು ಪ್ರತಿ ಮುದ್ರಿಸಿ ತಂದಿದ್ದರು, ಜೊತೆಗೆ ಒಂದು ಪೆನ್ಸಿಲ್. ಮೊದಲು ಒಂದು ವಾರಕ್ಕೆ, ನಾನು ಬರೆದುಕೊಟ್ಟ ಮೂರು ವಿಳಾಸಗಳಿಗೆ ಮಾತ್ರ, ಸಂಭಾವನೆ ಸೊನ್ನೆ ಅಂತ ಒಂದು ಸಣ್ಣ ಕರಾರು ಮಾಡಿಕೊಂಡರು. ‘ನಾನು ನಿಮಗೆ ಹೊಂದುತ್ತೇನೋ ಇಲ್ಲವೋ ನೋಡಿ. ಇವುಗಳಲ್ಲಿ ಒಂದನ್ನು ಕೊಳ್ಳಬೇಕೆನಿಸಿದರೆ ಆಗ ಕೂತು ದುಡ್ಡಿನ ಮಾತಾಡೋಣ’ ಅಂದರು. ಹಾಗೆ ಯಾರೂ ಮಾಡೋದಿಲ್ಲ ಅಂದಿದ್ದರಲ್ಲ, ಇವರು ಮಾಡಿದರು. ನಿಯಮದಲ್ಲೂ ಇದಕ್ಕೆ ಅಡ್ಡಿಯಿಲ್ಲ. ಅಂಕಿ ಖಚಿತವಾಗಿದ್ದರೆ ಸಾಕು, ಅದು ಸೊನ್ನೆಯಾದರೂ ಸರಿ.

ವಾರದ ಮೇಲೆ ನಿಜವಾದ ಕರಾರಿಗೆ ಕೂತೆವು. ಶೇ. 2.5, ಆರು ತಿಂಗಳು ಅಂದರು. ನಾನು ಶೇ. 2, ಅರವತ್ತು ದಿನ ಅಂದೆ. ಅವರು ಬೇಸರಿಸಲಿಲ್ಲ. ಹಾಳೆಯ ಹಿಂಬದಿಯಲ್ಲಿ ತಮ್ಮ ಖರ್ಚು ಬರೆದು ತೋರಿಸಿದರು: ತಮ್ಮ ಕಂಪನಿಗೆ ಹೋಗುವ ಪಾಲು, ಓಡಾಟ, ಕೊನೆಗೂ ಕೊಳ್ಳದೆ ಹೋಗುವ ಗಿರಾಕಿಗಳಿಗೆ ಸವೆಸಿದ ವಾರಗಳು. ಶೇ. 2.25, ತೊಂಬತ್ತು ದಿನಕ್ಕೆ ಒಪ್ಪಿದೆವು. ಅವಧಿ ಮುಗಿದ ಮೇಲೆ ಅವರು ತೋರಿಸಿದ್ದ ಮನೆಯನ್ನೇ ಕೊಂಡರೂ ಕಮಿಷನ್ ಸಲ್ಲಬೇಕು ಅನ್ನುವ ಕಲಮು ತೊಂಬತ್ತು ದಿನದಿಂದ ಮೂವತ್ತಕ್ಕೆ ಇಳಿಯಿತು. ಒಬ್ಬರೇ ಏಜೆಂಟ್ ಎರಡೂ ಕಡೆ ನಿಲ್ಲಲು ಈ ರಾಜ್ಯದಲ್ಲಿ ನಮ್ಮ ಒಪ್ಪಿಗೆ ಬೇಕು. ಬೇಡ ಅನ್ನುವ ಚೌಕಕ್ಕೆ ಗುರುತು ಹಾಕಿದೆ. ಕೊನೆಯ ಪುಟದ ಕೆಳಗೆ 395 ಡಾಲರ್ ‘ಟ್ರಾನ್ಸ್ಯಾಕ್ಷನ್ ಫೀ’ ಅಂತ ಇತ್ತು. ಇದು ಅವರೇ ಬಾಯಿಬಿಟ್ಟು ಹೇಳಬೇಕಿತ್ತು, ಹೇಳಲಿಲ್ಲ. ಕೇಳಿದ ಕೂಡಲೇ ಹೊಡೆದುಹಾಕಿ ಸಹಿ ಮಾಡಿದರು ನಿಜ, ಆದರೆ ಎಷ್ಟು ಜನ ಕೊನೆಯ ಪುಟದವರೆಗೆ ಓದುತ್ತಾರೆ?

ಒಂದು ಸಾಲು ನಮ್ಮ ಮನೆಯವರನ್ನು ಎರಡು ರಾತ್ರಿ ನಿದ್ದೆಗೆಡಿಸಿತು. ಮಾರುವವರು ಕೊಡುವುದು ಶೇ. 2.25ಕ್ಕಿಂತ ಕಡಿಮೆಯಾದರೆ ಉಳಿದದ್ದನ್ನು ನಾವೇ ತುಂಬಬೇಕು. ಇದನ್ನು ಮನೆ ಸಾಲಕ್ಕೆ ಸೇರಿಸಿಕೊಳ್ಳಲು ಬರೋದಿಲ್ಲ, ಕ್ಲೋಸಿಂಗ್ ದಿನ ಕೈಯಿಂದ ಕೊಡಬೇಕು. ಡೌನ್‌ಪೇಮೆಂಟ್ ಕೂಡಿಸುವುದರಲ್ಲೇ ಸುಸ್ತಾಗಿರುವ ಮೊದಲ ಸಲದವರಿಗೆ ಹೊಸ ವ್ಯವಸ್ಥೆ ಕಷ್ಟವಾಗುವುದು ಇಲ್ಲಿ, ಇದನ್ನು ನಾನು ಮುಚ್ಚಿಡುವುದಿಲ್ಲ. ನನ್ನ ಲ್ಯಾಬಿನ ಸಹೋದ್ಯೋಗಿಯೊಬ್ಬರು ಸೈನ್ಯದಲ್ಲಿದ್ದವರು. ಮಾಜಿ ಸೈನಿಕರಿಗೆ ಸಿಗುವ ವಿಎ ಸಾಲದಲ್ಲಿ ಕೊಳ್ಳುವವರು ಏಜೆಂಟ್‌ಗೆ ದುಡ್ಡು ಕೊಡುವುದಕ್ಕೇ ನಿಷೇಧವಿತ್ತಂತೆ. 2024ರ ಆಗಸ್ಟ್ 10ರಿಂದ ಅದನ್ನು ತಾತ್ಕಾಲಿಕವಾಗಿ ತೆಗೆಯದೇ ಹೋಗಿದ್ದರೆ, ಮಾರುವವರು ಕೊಡೋದಿಲ್ಲ ಅಂದ ಕಡೆ ಅವರು ಏಜೆಂಟ್ ಇಲ್ಲದೆಯೇ ನಿಲ್ಲಬೇಕಿತ್ತು.

ಇನ್ನು ಕೆಲಸದ ಮಾತು. ಹದಿನಾಲ್ಕು ಮನೆ ನೋಡಿದೆವು. ಹಾಲಿ ಸ್ಪ್ರಿಂಗ್ಸ್ ಕಡೆಯ ಒಂದು ಮನೆ ನಮಗೆ ತುಂಬಾ ಹಿಡಿಸಿತ್ತು. ಪೂರ್ವದ ಬಾಗಿಲು, ದೊಡ್ಡ ಅಡುಗೆಮನೆ, ಹಿತ್ತಲಲ್ಲಿ ಮರಗಳು. ಭಾನುವಾರ ಮಧ್ಯಾಹ್ನ ನೋಡಿ ಆಫರ್ ಹಾಕೋಣ ಅಂದೆವು. ಅವರು ‘ನಾಳೆ ಬೆಳಿಗ್ಗೆ ಏಳೂವರೆಗೆ ಹಿತ್ತಲಲ್ಲಿ ಸಿಗೋಣ, ಆಮೇಲೆ ಬೇಕಾದರೆ ಹಾಕಿ’ ಅಂದರು. ಹೋಗಿ ನಿಂತೆವು. ಮರಗಳ ಆಚೆ 2024ರ ಸೆಪ್ಟೆಂಬರ್‌ನಲ್ಲಿ ತೆರೆದ 540 ಟೋಲ್ ರಸ್ತೆಯ ಹೊಸ ಭಾಗ. ಲಾರಿಗಳ ಸದ್ದಿಗೆ ಅತ್ತೆಯ ಮಾತು ನನಗೆ ಎರಡು ಸಲ ಕೇಳಿಸಲಿಲ್ಲ. ಆಫರ್ ಹಾಕಲಿಲ್ಲ. ನಾವು ಕೊಂಡಿದ್ದರೆ ಅವರಿಗೆ ಸುಮಾರು ಹದಿಮೂರು ಸಾವಿರ ಡಾಲರ್ ಬರುತ್ತಿತ್ತು. ಆ ಬೆಳಿಗ್ಗೆಯಿಂದ ನಾನು ಅವರ ಮಾತನ್ನು ಎರಡನೇ ಸಲ ಯೋಚಿಸದೆ ನಂಬತೊಡಗಿದೆ.

ಇನ್ನೊಂದು ಸಲ ಹೊಸ ಲೇಔಟಿನಲ್ಲಿ ಬಿಲ್ಡರ್‌ನ ಆಫೀಸಿಗೆ ಹೋಗಿದ್ದೆವು. ಕೊಳ್ಳುವವರ ಏಜೆಂಟ್‌ಗೆ ಶೇ. 3 ಕೊಡುತ್ತೇವೆ ಅಂತ ಅಲ್ಲಿನವರು ಖುಷಿಯಿಂದ ಹೇಳಿದರು. ಇವರು ನಮ್ಮೆದುರೇ ‘ನನ್ನ ಕರಾರು 2.25, ಅದಕ್ಕಿಂತ ಹೆಚ್ಚು ಮುಟ್ಟುವ ಹಾಗಿಲ್ಲ. ಉಳಿದ ಮುಕ್ಕಾಲನ್ನು ಇವರ ಬೆಲೆಯಲ್ಲಿ ಇಳಿಸಿ’ ಅಂದರು. ಹೊಸ ನಿಯಮದ ಜೀವ ಇರೋದು ಇಲ್ಲೇ ಅಂತ ನನ್ನ ಅನಿಸಿಕೆ. ಹಿಂದೆ ಹೆಚ್ಚು ಕಮಿಷನ್ ಇಟ್ಟ ಮನೆಯತ್ತ ಗಿರಾಕಿಯನ್ನು ತಿರುಗಿಸುವ ಆಸೆಗೆ ದಾರಿಯಿತ್ತು, ತಿರುಗಿಸಿದ್ದು ಗಿರಾಕಿಗೆ ತಿಳಿಯುವ ಬಗೆಯೇ ಇರಲಿಲ್ಲ. ಈಗ ಎಲ್ಲಿಂದ ಎಷ್ಟು ಬಂದರೂ ಕರಾರಿನ ಅಂಕಿಯೇ ಮಿತಿ. ಶೇ. 3ರ ಮನೆಯಾಗಲಿ, ಏನೂ ಕೊಡದ ಮನೆಯಾಗಲಿ, ಅವರ ಸಂಬಳ ಒಂದೇ.

ಕೊನೆಗೆ ಕೊಂಡದ್ದು ಏಪೆಕ್ಸ್‌ನಲ್ಲಿ, 5,75,000 ಕೇಳುತ್ತಿದ್ದ ಮನೆ. ಕೊಳ್ಳುವವರ ಏಜೆಂಟ್‌ಗೆ ಏನೂ ಇಲ್ಲ ಅಂತ ಮಾರುವವರ ಏಜೆಂಟ್ ಫೋನಿನಲ್ಲಿ ಹೇಳಿದ್ದರು. ನಮ್ಮ ಏಜೆಂಟ್ ಆಫರ್ ಜೊತೆಗೇ ಕಮಿಷನ್ನಿನ ಬೇರೆ ಕಾಗದವನ್ನೂ ಕಳಿಸಿದರು. ಮಾರುವವರು ನೋಡೋದು ಕೊನೆಗೆ ಕೈಗೆ ಎಷ್ಟು ಉಳಿಯುತ್ತದೆ ಅನ್ನೋದನ್ನು, ಬೆಲೆ ಒಂದು ಕಡೆ, ಕಮಿಷನ್ ಒಂದು ಕಡೆ ಅಂತ ಅಲ್ಲ ಅಂತ ಅವರು ನಮಗೆ ವಿವರಿಸಿದರು. ಮೂರು ದಿನದ ಹಗ್ಗಜಗ್ಗಾಟದ ಮೇಲೆ 5,65,000ಕ್ಕೆ ನಿಂತಿತು, ಮಾರುವವರಿಂದ ಶೇ. 2. ಅಂದರೆ ಶೇ. 2.25ರ ಲೆಕ್ಕದ 12,712.50ರಲ್ಲಿ 11,300 ಮಾರುವವರದು, 1,412.50 ನಮ್ಮದು.

ಈ ರಾಜ್ಯಕ್ಕೆ ಹೊಸಬರಾದವರು ಇನ್ನೊಂದು ವಿಷಯ ತಿಳಿದಿರಬೇಕು. ಇಲ್ಲಿ ‘ಡ್ಯೂ ಡಿಲಿಜೆನ್ಸ್ ಫೀ’ ಅಂತ ಒಂದಿದೆ. ಮನೆ ಪರೀಕ್ಷೆಗೆ ಕಾಲಾವಕಾಶ ಕೊಟ್ಟದ್ದಕ್ಕೆ ನೇರವಾಗಿ ಮಾರುವವರ ಕೈಗೆ ಹೋಗುವ ದುಡ್ಡು. ಕೊಂಡರೆ ಬೆಲೆಯಲ್ಲಿ ವಜಾ ಆಗುತ್ತದೆ, ನಾವು ಮನಸ್ಸು ಬದಲಿಸಿದರೆ ವಾಪಸ್ ಬರೋದಿಲ್ಲ. ನಾವು ಹತ್ತು ಸಾವಿರಕ್ಕೂ ತಯಾರಿದ್ದೆವು. ಇವರು ಐದಕ್ಕೆ ಹಿಡಿದು ನಿಲ್ಲಿಸಿದರು. ಆಮೇಲೆ ಇನ್‌ಸ್ಪೆಕ್ಷನ್‌ನಲ್ಲಿ ಮನೆಯಡಿಯ ಕ್ರಾಲ್ ಸ್ಪೇಸ್‌ನಲ್ಲಿ ನೀರು ನಿಂತದ್ದು ಸಿಕ್ಕಿತು, ಪ್ಲಾಸ್ಟಿಕ್ ಹಾಳೆ ಹರಿದು ತೊಲೆಗಳಿಗೆ ಬೂಷ್ಟು ಹಿಡಿದಿತ್ತು. ಇನ್‌ಸ್ಪೆಕ್ಟರ್ ಹಿಂದೆ ಈಕೆಯೂ ಮಂಡಿಯೂರಿ ಒಳಗೆ ಹೋಗಿ ಟಾರ್ಚ್ ಹಿಡಿದು ಫೋಟೊ ತೆಗೆದರು, ಆ ವಯಸ್ಸಿನಲ್ಲಿ. ನಾಲ್ಕು ದಿನದಲ್ಲಿ ಎರಡು ಕಂಪನಿಗಳಿಂದ ರಿಪೇರಿ ಅಂದಾಜು ತರಿಸಿದರು, ಒಂದು 9,800, ಒಂದು 8,400. ಫೋಟೊಗಳನ್ನೂ ಸೇರಿಸಿ ಕಳಿಸಿದ ಮೇಲೆ ಮಾರುವವರು 6,500 ಬಿಟ್ಟುಕೊಟ್ಟರು. ನನ್ನೊಬ್ಬಳಿಂದ ಇದು ಆಗುತ್ತಿರಲಿಲ್ಲ. ಲೆಕ್ಕದ ಕಣ್ಣಿನಿಂದ ನೋಡಿದರೂ ಅವರ ಕೂಲಿಗೆ ಅವರು ಸಂಪೂರ್ಣ ಅರ್ಹರು.

ಕೊರತೆಗಳೂ ಇವೆ. ಭಾನುವಾರ ಚರ್ಚ್ ಮುಗಿಯುವವರೆಗೆ, ಅಂದರೆ ಮಧ್ಯಾಹ್ನ ಒಂದರವರೆಗೆ, ಫೋನ್ ಎತ್ತೋದಿಲ್ಲ. ಹಾಗಾಗಿ ಕ್ಯಾರಿ ಅನ್ನುವ ಊರಿನ ಒಂದು ಮನೆ ಕೈತಪ್ಪಿತು, ಅದರ ಬೇಸರ ನನಗಿನ್ನೂ ಇದೆ. ಅವರು ಹೇಳಿದ ಸಾಲದ ಕಂಪನಿಗಿಂತ ಸಹಕಾರಿ ಬ್ಯಾಂಕಿನಂಥ ನಮ್ಮ ಕ್ರೆಡಿಟ್ ಯೂನಿಯನ್‌ನ ಬಡ್ಡಿ ಕಡಿಮೆ ಇತ್ತು. ಸಾಲಕ್ಕೆ ನೀವೇ ಮೂರು ಕಡೆ ವಿಚಾರಿಸಿ. 395 ಡಾಲರ್ ವಿಷಯ ಆಗಲೇ ಹೇಳಿದೆ. ಇವಕ್ಕಾಗಿ ಅರ್ಧ ನಕ್ಷತ್ರ ಕಳೆದು ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಪೂರ್ವದ ಬಾಗಿಲೇ ಬೇಕು ಅನ್ನುವ ಅತ್ತೆಯ ಮಾತನ್ನು ಮೊದಲ ದಿನವೇ ಪುಸ್ತಕದಲ್ಲಿ ಬರೆದುಕೊಂಡು, ಪ್ರತಿ ಮನೆಯ ಹೊಸ್ತಿಲಲ್ಲೂ ದಿಕ್ಸೂಚಿ ತೆಗೆದು ಅವರಿಗೆ ತೋರಿಸುತ್ತಿದ್ದರಲ್ಲ, ಅದಕ್ಕೆ ಯಾವ ನಕ್ಷತ್ರ ಕೊಡಬೇಕೋ ಗೊತ್ತಿಲ್ಲ. ಅತ್ತೆ ಊರಿಗೆ ಹೊರಡುವ ದಿನ ಅವರಿಗೆ ಕುಪ್ಪಸದ ಕಣ, ಅರಿಶಿನ-ಕುಂಕುಮ ಕೊಟ್ಟರು.

ಕ್ಲೋಸಿಂಗ್ ಮೇ ಕೊನೆಯ ವಾರ, ವಕೀಲರ ಆಫೀಸಿನಲ್ಲಿ. ನಾನು ಮೊದಲು ತಿರುಗಿಸಿದ್ದು ಎರಡನೇ ಪುಟ. ಮಾರ್ಚ್‌ನಲ್ಲಿ ಪೆನ್ಸಿಲಿನಲ್ಲಿ ಬರೆದು ಆಮೇಲೆ ಶಾಯಿಯಲ್ಲಿ ತಿದ್ದಿದ ಶೇ. 2.25ರ ಲೆಕ್ಕವೇ ಅಲ್ಲಿತ್ತು, ಸೆಂಟಿನವರೆಗೂ ಅದೇ.

ಮುಂದಿನ ತಿಂಗಳು ಮಾರಿಸ್‌ವಿಲ್‌ನ ಟೌನ್‌ಹೌಸ್ ಮಾರಾಟಕ್ಕೆ ಇಡುತ್ತಿದ್ದೇವೆ, ಇದೇ ಏಜೆಂಟ್ ಮೂಲಕ. ಮೊನ್ನೆ ಅವರು ಬಂದು ಕೇಳಿದ ಮೊದಲ ಪ್ರಶ್ನೆ, ‘ಕೊಳ್ಳುವವರ ಏಜೆಂಟ್‌ಗೆ ನೀವು ಏನಾದರೂ ಕೊಡುತ್ತೀರಾ? ಕೊಡುವುದಾದರೆ ಎಷ್ಟು ಅಂತ ನೀವು ಬರೆದು ಒಪ್ಪಬೇಕು.’ ಆ ಮನೆಗೆ ಬರುವವರು ಬಹುಶಃ ನಾವು 2016ರಲ್ಲಿ ಇದ್ದ ಹಾಗೆ, ಮೊದಲ ಮನೆ, ಕೈಯಲ್ಲಿ ಹೆಚ್ಚು ದುಡ್ಡಿಲ್ಲದ ಗಂಡ-ಹೆಂಡತಿ. ಅವರಾಗಿ ಕೇಳಿದರೆ ಶೇ. 2ರವರೆಗೆ ಅಂತ ಬರೆದು ಇಬ್ಬರೂ ಸಹಿ ಹಾಕಿದೆವು.